ಕಾರ್ಡಿನ ಮೇಲೊಂದು ಕಾಶಿಯಾತ್ರೆ

ನಮ್ಮ ಮದುವೆಮನೆಗಳಲ್ಲಿ ಕಾಶಿಯಾತ್ರೆಯೆಂಬ ಸೊಗಸಾದ ಶಾಸ್ತ್ರವೊಂದುಂಟು. ವರ ಮಹಾಶಯನು ಕೊಡೆ ಹಿಡಿದು, ಕೋಲು ಊರಿ, ಮಹಾ ವಿರಾಗಿಯಂತೆ ಹೊರಡುತ್ತಾನೆ. ಛತ್ರದ ಬಾಗಿಲಿಗೆ ಬರುವಷ್ಟರಲ್ಲಿ ಹೆಣ್ಣಿನ ತಂದೆ ಅಡ್ಡಗಟ್ಟಿ, ಉಪಚಾರದ ಮಾತನ್ನಾಡಿ, ಒಳಕ್ಕೆ ಕರೆತರುತ್ತಾರೆ. ಅಲ್ಲಿಗೆ ಯಾತ್ರೆ ಸಮಾಪ್ತಿ. ಕ್ರೆಡಿಟ್ ಕಾರ್ಡಿನ ಪಾಯಿಂಟುಗಳನ್ನು ಕೂಡಿಸಿ ವಿಮಾನವೇರುತ್ತೇವೆಂದು ಹೊರಟ ಗೃಹಸ್ಥರಲ್ಲಿ ಬಹುಮಂದಿಯ ಯಾತ್ರೆಯೂ ಹೀಗೆ ಬಾಗಿಲಿನಲ್ಲಿಯೇ ಮುಗಿಯುತ್ತದೆ. ಆದರೆ ಅಲ್ಲಿ ಉಪಚಾರ ಮಾಡುವ ಮಾವನವರಿರುವುದಿಲ್ಲ. ತಿಂಗಳ ಬಿಲ್ಲು ಹಿಡಿದು ನಿಂತ ಬ್ಯಾಂಕು ಇರುತ್ತದೆ.

ಈ ವಾರ ಈ ವಿಷಯವನ್ನು ಎತ್ತಿಕೊಳ್ಳಲು ಮೈಸೂರಿನ ಸರಸ್ವತೀಪುರಂನಿಂದ ತಾಯಿಯೊಬ್ಬರು ಬರೆದ ಪತ್ರವೇ ಕಾರಣ. ಅವರ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಪ್ರಯಾಣದ ಕಾರ್ಡೊಂದನ್ನು ಮಾಡಿಸಿಕೊಂಡು, ಅದರ ಪಾಯಿಂಟಿನಲ್ಲಿಯೇ ತಂದೆತಾಯಿಗಳನ್ನು ವಿಮಾನದಲ್ಲಿ ಕಾಶಿಗೆ ಕಳುಹಿಸುವೆನೆಂದೂ, ಒಂದು ಪೈಸೆ ಖರ್ಚಿಲ್ಲವೆಂದೂ ಹೇಳಿದ್ದಾನೆ. "ನಮ್ಮ ಯಜಮಾನರಿಗೆ 68 ವರ್ಷ. ಮೊಣಕಾಲು ನೋವು ಬೇರೆ. ಪುಕ್ಕಟೆ ಯಾರು ಕೊಡುತ್ತಾರೆ ಎಂಬುದು ಅವರ ಅನುಮಾನ. ಮಗನ ಉತ್ಸಾಹವನ್ನು ಮುರಿಯಲು ನನಗೆ ಮನಸ್ಸಿಲ್ಲ. ತಾವೇ ಲೆಕ್ಕ ಹಾಕಿ ತಿಳಿಸಬೇಕು" ಎಂದು ಕೇಳಿದ್ದಾರೆ. ಕಾರ್ಡಿನ ಷರತ್ತುಗಳನ್ನೂ ಮಗನಿಂದ ಬರೆಸಿ ಕಳುಹಿಸಿದ್ದಾರೆ. ಹೀಗೆ ಕಾಗದಪತ್ರಗಳ ಸಮೇತ ಪ್ರಶ್ನೆ ಕೇಳುವ ಓದುಗರು ಅಪರೂಪ. ಆದುದರಿಂದ ಉತ್ತರವೂ ಸ್ವಲ್ಪ ವಿಸ್ತಾರವಾಗಿಯೇ ಇರಲಿ.

ಮೊದಲು ಯಜಮಾನರ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಪುಕ್ಕಟೆ ಕೊಡುವವರು ಯಾರು? ನೀವು ಅಂಗಡಿಯಲ್ಲಿ 1,000 ರೂಪಾಯಿಯ ಸಾಮಾನು ಕೊಂಡು ಕಾರ್ಡು ಕೊಟ್ಟಿರೆನ್ನಿ. ಅಂಗಡಿಯವರಿಗೆ ಪೂರ್ತಿ ಸಾವಿರ ಸೇರುವುದಿಲ್ಲ. ಸಾಮಾನ್ಯವಾಗಿ ನೂರಕ್ಕೆ ಎರಡರ ಆಸುಪಾಸಿನಲ್ಲಿ ಒಂದು ಶುಲ್ಕ ಕಡಿತವಾಗುತ್ತದೆ. ಅದರಲ್ಲಿ ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿನದು. ಆ ಪಾಲಿನಲ್ಲಿ ಒಂದು ಚೂರನ್ನು ಪಾಯಿಂಟೆಂಬ ಹೆಸರಿನಲ್ಲಿ ಬ್ಯಾಂಕು ನಿಮ್ಮ ಮುಂದಿಡುತ್ತದೆ. ಇದು ಒಂದು ಬಾಬು. ಎರಡನೆಯದು ವಾರ್ಷಿಕ ಶುಲ್ಕ. ಮೂರನೆಯದು, ಗಡುವಿನೊಳಗೆ ಪೂರ್ತಿ ಹಣ ಕಟ್ಟದವರು ತೆರುವ ಬಡ್ಡಿ. ಅಂದರೆ ಒಬ್ಬರ ಪಾಯಿಂಟಿಗೆ ಇನ್ನೊಬ್ಬರ ಬಡ್ಡಿಯೂ ಆಧಾರ. ಇದರಲ್ಲಿ ನೀವು ಯಾವ ಕಡೆ ಕುಳಿತಿದ್ದೀರಿ ಎಂಬುದನ್ನು ಅರಿತರೆ ಅರ್ಧ ವಿಚಾರ ಮುಗಿದಂತೆ.

ಪಾಯಿಂಟಿನ ಪದ್ಧತಿ ಹುಟ್ಟಿದುದು ಅಮೆರಿಕದಲ್ಲಿ. ನ್ಯೂಯಾರ್ಕಿನ ಡೈನರ್ಸ್ ಕ್ಲಬ್ಬು 1950ರಲ್ಲಿ ಸದಸ್ಯರಿಗೆ ಕಾರ್ಡು ಹಂಚಿದಾಗ ಅದು ಹೋಟೆಲಿನ ಊಟದ ಬಿಲ್ಲನ್ನು ತಿಂಗಳ ಕೊನೆಗೆ ತೀರಿಸುವ ಅನುಕೂಲವಷ್ಟೇ ಆಗಿತ್ತು. ಹಾರಿದಷ್ಟೂ ಮೈಲಿ ಜಮಾ ಮಾಡುವ ದೊಡ್ಡ ಯೋಜನೆಯನ್ನು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ 1981ರ ಮೇ ತಿಂಗಳಿನಲ್ಲಿ ಆರಂಭಿಸಿತು. 1987ರಲ್ಲಿ ಅದೇ ಸಂಸ್ಥೆಯ ಮೈಲಿಗಳನ್ನು ಕೊಡುವ ಕಾರ್ಡನ್ನು ಸಿಟಿಬ್ಯಾಂಕು ಹೊರತಂದಿತು. ಅಂದಿನಿಂದ ವಿಮಾನ ಹತ್ತದೆಯೇ, ತರಕಾರಿ ಕೊಂಡೇ ಮೈಲಿ ಸಂಪಾದಿಸುವುದು ಸಾಧ್ಯವಾಯಿತು. ಮೈಲಿಗಳನ್ನು ಬ್ಯಾಂಕುಗಳಿಗೆ ಮಾರುವುದೇ ವಿಮಾನ ಸಂಸ್ಥೆಗಳಿಗೆ ಮಹಾ ವ್ಯಾಪಾರವಾಗಿ ಬೆಳೆಯಿತು. ಕೋವಿಡ್ ಕಾಲದಲ್ಲಿ ಹಾರಾಟವಿಲ್ಲದೆ ಕಂಗೆಟ್ಟಿದ್ದ ಅಮೆರಿಕನ್ ಏರ್‌ಲೈನ್ಸ್, 2021ರಲ್ಲಿ ಈ ಮೈಲಿ ಯೋಜನೆಯನ್ನೇ ಅಡವಿಟ್ಟು 1,000 ಕೋಟಿ ಡಾಲರು ಸಾಲ ಎತ್ತಿತು. ವಿಮಾನಗಳು ನೆಲದ ಮೇಲಿದ್ದರೂ ಮೈಲಿಗೆ ಬೆಲೆ ಇದ್ದೇ ಇತ್ತು!

ಈ ಆಟದಲ್ಲಿ ಸಂಸ್ಥೆಗಳನ್ನೇ ಸೋಲಿಸಿದ ಗೃಹಸ್ಥರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಎಂಜಿನಿಯರ್ ಡೇವಿಡ್ ಫಿಲಿಪ್ಸ್ 1999ರಲ್ಲಿ ಒಂದು ತಿನಿಸಿನ ಕಂಪೆನಿಯ ಜಾಹೀರಾತನ್ನು ಎಲ್ಲರಿಗಿಂತ ಗಮನವಿಟ್ಟು ಓದಿದರು. ತಿನಿಸಿನ ಲೇಬಲ್ಲು ಕಳುಹಿಸಿದರೆ ವಿಮಾನದ ಮೈಲಿ ಕೊಡುತ್ತೇವೆಂದು ಅದರಲ್ಲಿತ್ತು. ಕೊಡುವ ಮೈಲಿಯ ಬೆಲೆ ತಿನಿಸಿನ ಬೆಲೆಗಿಂತ ಹೆಚ್ಚೆಂದು ಲೆಕ್ಕ ಹಾಕಿ, ಸುಮಾರು 3,140 ಡಾಲರಿಗೆ 12,150 ಬಟ್ಟಲು ಪುಡ್ಡಿಂಗನ್ನು ಕೊಂಡುಬಿಟ್ಟರು. ಅಷ್ಟನ್ನೂ ತಿನ್ನುವ ಹೊಟ್ಟೆ ಯಾರಿಗಿದೆ? ಧರ್ಮಸಂಸ್ಥೆಗೆ ದಾನ ಮಾಡಿ, ಅವರಿಂದಲೇ ಲೇಬಲ್ಲು ಕೀಳಿಸಿ, ಹನ್ನೆರಡು ಲಕ್ಷಕ್ಕೂ ಮಿಕ್ಕ ಮೈಲಿ ಗಳಿಸಿದರು. ಕೇಳಲು ಸೊಗಸಾದ ಕಥೆ. ಆದರೆ ಫಿಲಿಪ್ಸ್ ಮಹಾಶಯರು ಕೊಳ್ಳುವುದಕ್ಕೆ ಮುಂಚೆಯೇ ಕಾಗದ ಪೆನ್ನು ಹಿಡಿದು ಕೂತಿದ್ದರು. ನಮ್ಮಲ್ಲಿ ಹಲವರು ಕಾಗದ ಪೆನ್ನು ಹುಡುಕುವುದು ಬಿಲ್ಲು ಬಂದ ಮೇಲೆ.

ಈಗ ಮೈಸೂರಿನ ಲೆಕ್ಕಕ್ಕೆ ಬರೋಣ. ಪತ್ರದ ಪ್ರಕಾರ ಮಗನ ಕಾರ್ಡಿನಲ್ಲಿ ಪ್ರತಿ 150 ರೂಪಾಯಿ ಖರ್ಚಿಗೆ 2 ಪಾಯಿಂಟು. ಅವನು ಕಾರ್ಡಿನಲ್ಲಿ ತಿಂಗಳಿಗೆ 30,000 ರೂಪಾಯಿ ಖರ್ಚು ಮಾಡುತ್ತಾನೆ. ಎಂದರೆ ತಿಂಗಳಿಗೆ 400, ವರ್ಷಕ್ಕೆ 4,800 ಪಾಯಿಂಟು. ಅವನು ನೋಡಿಟ್ಟಿರುವ ಬೆಂಗಳೂರು–ವಾರಾಣಸಿ ವಿಮಾನಕ್ಕೆ ಹಣ ಕೊಟ್ಟರೆ ತಲೆಗೆ 7,200 ರೂಪಾಯಿ. ಪಾಯಿಂಟಿನಲ್ಲಾದರೆ 8,000 ಪಾಯಿಂಟು, ಜೊತೆಗೆ ತೆರಿಗೆ ಮತ್ತು ಶುಲ್ಕವೆಂದು 1,200 ರೂಪಾಯಿ ನಗದು. "ಒಂದು ಪೈಸೆ ಖರ್ಚಿಲ್ಲ" ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು. ಪಾಯಿಂಟಿನ ಟಿಕೆಟಿಗೂ ತೆರಿಗೆಯನ್ನು ಕೈಯಿಂದ ಕಟ್ಟಬೇಕಾಗುವುದು ಸಾಮಾನ್ಯ.

ಇಬ್ಬರು ಹೋಗಿ ಬರಲು ನಾಲ್ಕು ಟಿಕೆಟು, 32,000 ಪಾಯಿಂಟು. ತಿಂಗಳಿಗೆ 400ರಂತೆ ಅಷ್ಟು ಕೂಡಿಸಲು 80 ತಿಂಗಳು ಬೇಕು. ಆರು ವರ್ಷ ಎಂಟು ತಿಂಗಳು! ಯಜಮಾನರಿಗೆ ಅಷ್ಟು ಹೊತ್ತಿಗೆ 75ರ ಹತ್ತಿರ. ಮೊಣಕಾಲು ಅಲ್ಲಿಯವರೆಗೆ ಕಾಯುವುದೇ? ಪಾಯಿಂಟಾದರೂ ಕಾಯುತ್ತದೆಯೇ? ಎರಡು ಮೂರು ವರ್ಷಗಳಲ್ಲಿ ಪಾಯಿಂಟು ಅಳಿದುಹೋಗುವ ಕಾರ್ಡುಗಳು ಬಹಳವಿವೆ. ಅಂಥ ಕಾರ್ಡಿನಲ್ಲಿ 32,000ದ ರಾಶಿ ಎಂದಿಗೂ ಕೂಡುವುದೇ ಇಲ್ಲ. ಒಂದು ಕಡೆಯಿಂದ ತುಂಬುತ್ತಿದ್ದಂತೆ ಇನ್ನೊಂದು ಕಡೆಯಿಂದ ಸೋರುತ್ತಿರುತ್ತದೆ.

ಇನ್ನು ಶುಲ್ಕ. ವರ್ಷಕ್ಕೆ 2,500 ರೂಪಾಯಿ, ಅದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 450, ಒಟ್ಟು 2,950. ಆರು ವರ್ಷ ಎಂಟು ತಿಂಗಳ ಅವಧಿಯಲ್ಲಿ ಏಳು ಬಾರಿ ಶುಲ್ಕ ಕಟ್ಟಿದರೆ 20,650 ರೂಪಾಯಿ. ಟಿಕೆಟಿನ ತೆರಿಗೆ ನಾಲ್ಕಕ್ಕೆ 4,800. ಎರಡೂ ಸೇರಿ 25,450. ಹಣ ಕೊಟ್ಟೇ ಕೊಂಡರೆ ಆ ನಾಲ್ಕು ಟಿಕೆಟಿನ ಬೆಲೆ 28,800. ತಾಯಿ, ನಿಮ್ಮ ಯಜಮಾನರ ಅನುಮಾನ ನಿರಾಧಾರವೇನೂ ಅಲ್ಲ. ಏಳು ವರ್ಷ ಕಾದುದಕ್ಕೆ ಉಳಿಯುವುದು 3,350 ರೂಪಾಯಿ. ಕಾರ್ಡಿಗೆ ಸೇರಿದಾಗ ಬ್ಯಾಂಕು 5,000 ಪಾಯಿಂಟು ಕಾಣಿಕೆ ಕೊಟ್ಟಿದ್ದರೆ ಒಂದು ವರ್ಷ ಬೇಗ ಹೋಗಬಹುದು, ಒಂದು ವರ್ಷದ ಶುಲ್ಕವೂ ಉಳಿಯುತ್ತದೆ, ಅಷ್ಟೆ. ವರ್ಷದಲ್ಲಿ ಇಂತಿಷ್ಟು ಲಕ್ಷ ಖರ್ಚು ಮಾಡಿದರೆ ಶುಲ್ಕ ಮಾಫಿ ಎಂಬ ಷರತ್ತು ಕೆಲವು ಕಾರ್ಡುಗಳಲ್ಲಿ ಇರುವುದುಂಟು. ಸಹಜ ಖರ್ಚಿನಲ್ಲಿಯೇ ಆ ಮೊತ್ತ ಮುಟ್ಟುವುದಾದರೆ ಒಳ್ಳೆಯದು. ಮುಟ್ಟಿಸುವುದಕ್ಕಾಗಿ ಮಾರ್ಚಿ ತಿಂಗಳಲ್ಲಿ ಟಿ.ವಿ. ಕೊಳ್ಳಹೊರಟರೆ, ಅದು ಬ್ಯಾಂಕು ಬಯಸಿದ ಫಲ.

ಆದರೆ ಪತ್ರದ ಕೊನೆಯಲ್ಲಿ, ಅಷ್ಟೇನೂ ಹೆಚ್ಚಿನ ವಿಷಯವಲ್ಲವೆಂಬಂತೆ, ಆ ತಾಯಿ ಒಂದು ಸಾಲು ಬರೆದಿದ್ದಾರೆ: "ಮನೆಗೆ ಸಾಮಾನು ಕೊಂಡದ್ದರಿಂದ ಐವತ್ತು ಸಾವಿರ ಬಿಲ್ಲಾಗಿ, ಈ ತಿಂಗಳು ಮಿನಿಮಮ್ ಮಾತ್ರ ಕಟ್ಟಿದ್ದಾನೆ." ಇಡೀ ಪತ್ರದಲ್ಲಿ ನನ್ನ ಕಣ್ಣಿಗೆ ಚುಚ್ಚಿದುದು ಈ ಸಾಲು. ಕಾಶಿಯ ಲೆಕ್ಕವನ್ನು ನಾಳೆ ಮಾಡಿದರೂ ಆದೀತು. ಇದನ್ನು ಇಂದೇ ನೋಡಬೇಕು.

ಮಿನಿಮಮ್ ಎಂದರೆ ಸಾಮಾನ್ಯವಾಗಿ ಬಿಲ್ಲಿನ ನೂರಕ್ಕೆ ಐದು ಭಾಗ. 50,000ಕ್ಕೆ 2,500 ಕಟ್ಟಿದ. ಉಳಿದದ್ದು 47,500. ನಮ್ಮ ದೇಶದ ಬಹುತೇಕ ಕಾರ್ಡುಗಳಲ್ಲಿ ಬಾಕಿಯ ಮೇಲಿನ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ ಅಥವಾ ಅದಕ್ಕೂ ತುಸು ಹೆಚ್ಚು. ತಿಂಗಳಿಗೆ ಎಂಬುದನ್ನು ಗಮನಿಸಬೇಕು. ವರ್ಷಕ್ಕೆ 42 ಆಯಿತು. ಚಕ್ರಬಡ್ಡಿಯಾಗಿ ನೋಡಿದರೆ 51. ಹಳೆಯ ಕಾಲದ ಲೇವಾದೇವಿಗಾರರನ್ನು ಕಥೆ ಕಾದಂಬರಿಗಳಲ್ಲಿ ನಾವು ಎಷ್ಟು ಶಪಿಸಿಲ್ಲ! 47,500ಕ್ಕೆ ಒಂದು ತಿಂಗಳ ಬಡ್ಡಿ ಸುಮಾರು 1,662 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. ಸೇರಿ ಸುಮಾರು 1,960. ಅದೇ ತಿಂಗಳು ಅವನು ಗಳಿಸಿದ 400 ಪಾಯಿಂಟಿಗೆ, ಅತ್ಯುತ್ತಮವಾಗಿ ಬಳಸಿದರೂ, 300 ರೂಪಾಯಿ ಬೆಲೆ. ಬಾಕಿ ಅಷ್ಟೇ ನಿಂತಿದ್ದರೆ ಹದಿನೈದು ತಿಂಗಳಲ್ಲಿ ಅಪ್ಪ ಅಮ್ಮನ ನಾಲ್ಕು ಟಿಕೆಟಿನ ಹಣ ಬಡ್ಡಿಗೇ ಸಂದಿರುತ್ತದೆ. ಯಾತ್ರೆ ಮಾತ್ರ ಆಗಿರುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಬಿಲ್ಲನ್ನು ಪೂರ್ತಿ ತೀರಿಸುವವರಿಗೆ ಕೊಂಡ ದಿನದಿಂದ ಗಡುವಿನವರೆಗೆ ಬಡ್ಡಿಯಿಲ್ಲ. ಬಾಕಿ ಉಳಿಸಿಕೊಂಡವರಿಗೆ ಈ ಸೌಕರ್ಯ ತಪ್ಪಿಹೋಗುತ್ತದೆ. ಆ ಮೇಲೆ ಕೊಂಡ ಕಾಫಿಪುಡಿಗೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಆದುದರಿಂದ ಮಗನು ಮೊದಲು ಮಾಡತಕ್ಕದ್ದು, ಕಾರ್ಡನ್ನು ಬೀರುವಿನಲ್ಲಿಟ್ಟು ಈ ಬಾಕಿಯನ್ನು ತೀರಿಸುವುದು. ಉಳಿತಾಯದ ಹಣವಿದ್ದರೆ ಅದರಿಂದ. ಇಲ್ಲವಾದರೆ ಕಡಿಮೆ ಬಡ್ಡಿಯ ಬೇರೆ ಸಾಲದಿಂದ. ಯಜಮಾನರ ಬಳಿ ಠೇವಣಿಯಿದ್ದು, ಅದಕ್ಕೆ ಬರುವ ಬಡ್ಡಿ ವರ್ಷಕ್ಕೆ ಆರೋ ಏಳೋ ಆಗಿದ್ದರೆ, ಮಗನಿಗೆ ಕೈಗಡ ಕೊಟ್ಟು ತಿಂಗಳ ಕಂತಿನಲ್ಲಿ ಹಿಂದಕ್ಕೆ ಪಡೆಯುವುದೂ ಒಂದು ಮಾರ್ಗ. ಇದು ತಂದೆಮಕ್ಕಳ ನಡುವಿನ ವಿಷಯ, ಹೊರಗಿನವರು ಹೆಚ್ಚು ಹೇಳಬಾರದು. ಹಾಗೆ ಕೊಡುವುದಾದರೆ ನೆನಪಿನ ಮೇಲೆ ಬಿಡದೆ ಒಂದು ಚೀಟಿಯಲ್ಲಿ ಬರೆದಿಡಿ, ತಾಯಿ. ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಹಾಗಾದರೆ ಪ್ರಯಾಣದ ಕಾರ್ಡಿನಿಂದ ಯಾರಿಗೂ ಲಾಭವಿಲ್ಲವೇ? ಖಂಡಿತ ಉಂಟು. ತಿಂಗಳ ಬಿಲ್ಲನ್ನು ಒಮ್ಮೆಯೂ ತಪ್ಪದೆ ಪೂರ್ತಿ ಕಟ್ಟುವವರಿಗೆ. ಕಚೇರಿಯ ಕೆಲಸಕ್ಕೆ ಊರೂರು ತಿರುಗಿ, ಟಿಕೆಟು ಹೋಟೆಲುಗಳ ಖರ್ಚನ್ನು ಕಚೇರಿಯಿಂದ ಹಿಂದಕ್ಕೆ ಪಡೆಯುವವರಿಗೆ. ಹೇಗೂ ದೊಡ್ಡ ಖರ್ಚಿರುವ ಸಂಸಾರಗಳಿಗೆ. ಇಂಥವರು ತಿಳಿಯಬೇಕಾದ ವಿದ್ಯೆ ಒಂದೇ: ಪಾಯಿಂಟಿಗೆ ಬೆಲೆ ಕಟ್ಟುವುದು. ಪಾಯಿಂಟಿನ ಬೆಲೆ ಇಷ್ಟೇ ಎಂದು ಅದರ ಮೇಲೆ ಅಚ್ಚಾಗಿರುವುದಿಲ್ಲ. ಬಳಸುವ ಜಾಗದ ಮೇಲೆ ಅದು ನಿಂತಿದೆ.

ಲೆಕ್ಕ ಸುಲಭ. ಹಣದ ಟಿಕೆಟಿನ ಬೆಲೆಯಿಂದ, ಪಾಯಿಂಟಿನ ಟಿಕೆಟಿಗೆ ಕೈಯಿಂದ ಕೊಡಬೇಕಾದ ನಗದನ್ನು ಕಳೆಯಿರಿ. ಉಳಿದದ್ದನ್ನು ಪಾಯಿಂಟುಗಳ ಸಂಖ್ಯೆಯಿಂದ ಭಾಗಿಸಿ. ಮೇಲಿನ ಉದಾಹರಣೆಯಲ್ಲಿ 7,200ರಿಂದ 1,200 ಕಳೆದು, 8,000ದಿಂದ ಭಾಗಿಸಿದರೆ ಪಾಯಿಂಟಿಗೆ 75 ಪೈಸೆ. ಅದೇ 8,000 ಪಾಯಿಂಟಿಗೆ ಬ್ಯಾಂಕಿನ ಪಟ್ಟಿಯಲ್ಲಿ 2,000 ರೂಪಾಯಿಯ ಮಿಕ್ಸಿ ಸಿಗುವುದಾದರೆ 25 ಪೈಸೆ. ಅದೇ ಪಾಯಿಂಟು ಒಂದು ಕಡೆ ಮೂರು ಪಟ್ಟು ಬಾಳುತ್ತದೆ, ಇನ್ನೊಂದು ಕಡೆ ಮೂರರಲ್ಲಿ ಒಂದು. ವರ್ಷಕ್ಕೆ 4,800 ಪಾಯಿಂಟು ಗಳಿಸುವವರು ಮಿಕ್ಸಿಯ ದಾರಿ ಹಿಡಿದರೆ 1,200 ರೂಪಾಯಿ ಬಂತು, 2,950 ಶುಲ್ಕ ಹೋಯಿತು. ಪ್ರಯಾಣದ ಕಾರ್ಡು ಮಾಡಿಸಿ ಮಿಕ್ಸಿ ತರುವವರು, ನನ್ನ ಅಭಿಪ್ರಾಯದಲ್ಲಿ, ಆ ಕಾರ್ಡನ್ನು ಮಾಡಿಸಲೇಬಾರದು. ಶುಲ್ಕವಿಲ್ಲದ, ನಗದು ರಿಯಾಯಿತಿ ಕೊಡುವ ಸಾದಾ ಕಾರ್ಡೇ ಅವರಿಗೆ ಲೇಸು.

ಕೆಲವು ಕಾರ್ಡುಗಳ ಪಾಯಿಂಟನ್ನು ವಿಮಾನ ಸಂಸ್ಥೆಗಳ ಲೆಕ್ಕಕ್ಕೆ ವರ್ಗಾಯಿಸಬಹುದು. ಬುದ್ಧಿವಂತರು ಹೆಚ್ಚಿನ ಬೆಲೆ ಪಡೆಯುವುದು ಬಹುಶಃ ಇಲ್ಲಿಯೇ. ಆದರೆ ಒಮ್ಮೆ ಆಚೆ ಹೋದ ಪಾಯಿಂಟು ಸಾಮಾನ್ಯವಾಗಿ ಈಚೆಗೆ ಬಾರದು. ಬೇಕಾದ ದಿನ, ಬೇಕಾದ ವಿಮಾನದಲ್ಲಿ ಸೀಟು ಇದೆಯೆಂದು ಕಣ್ಣಾರೆ ಕಂಡ ಮೇಲೆಯೇ ವರ್ಗಾಯಿಸಬೇಕು. ಬ್ಯಾಂಕುಗಳು ತಮ್ಮದೇ ಪ್ರಯಾಣದ ತಾಣಗಳಲ್ಲಿ ಟಿಕೆಟು ಕೊಂಡರೆ ಹಲವು ಪಟ್ಟು ಪಾಯಿಂಟು ಎನ್ನುತ್ತವೆ. ಕೊಳ್ಳುವ ಮೊದಲು ಅದೇ ಟಿಕೆಟಿಗೆ ವಿಮಾನ ಸಂಸ್ಥೆಯ ಬೆಲೆ ಎಷ್ಟೆಂದು ನೋಡಿ. ಐನೂರು ಹೆಚ್ಚು ಕೊಟ್ಟು ಇನ್ನೂರರ ಪಾಯಿಂಟು ಪಡೆದು ಹಿಗ್ಗುವವರೂ ಇದ್ದಾರೆ. ಮತ್ತೆ, ಎಲ್ಲ ಖರ್ಚಿಗೂ ಪಾಯಿಂಟು ಬರುವುದಿಲ್ಲ. ಪೆಟ್ರೋಲು, ಮನೆಬಾಡಿಗೆ, ವಿಮೆಯ ಕಂತು, ವಿದ್ಯುತ್ ಬಿಲ್ಲು ಇವುಗಳಿಗೆ ಹಲವು ಕಾರ್ಡುಗಳಲ್ಲಿ ಪಾಯಿಂಟೇ ಇಲ್ಲ, ಇದ್ದರೂ ಮಿತಿಯುಂಟು. ಮನೆಬಾಡಿಗೆಗೆ ಮೇಲೆ ಶುಲ್ಕವನ್ನೂ ಹಾಕುತ್ತಾರೆ.

ವಿಮಾನ ನಿಲ್ದಾಣದ ಲೌಂಜಿನ ವ್ಯಾಮೋಹದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದ್ದರೆ ಮಾತ್ರ ಪ್ರವೇಶ ಎಂಬ ಷರತ್ತನ್ನು ಅನೇಕ ಬ್ಯಾಂಕುಗಳು ಹಾಕಿವೆ. ಒಂದು ತಟ್ಟೆ ಉಪ್ಪಿಟ್ಟಿಗಾಗಿ ಐವತ್ತು ಸಾವಿರ ಖರ್ಚು ಮಾಡುವುದು ಯಾವ ಜಾಣತನ?

ವಿದೇಶಕ್ಕೆ, ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಲೋ ಹೋಗುವವರು ನಮ್ಮ ಓದುಗರಲ್ಲಿ ಈಗ ಬಹುಮಂದಿ. ಅವರಿಗೆ ಎರಡು ಮಾತು. ಹೊರನಾಣ್ಯದಲ್ಲಿ ಖರ್ಚು ಮಾಡಿದರೆ ಹಲವು ಕಾರ್ಡುಗಳು ನೂರಕ್ಕೆ ಮೂರೂವರೆ ಸೇರಿಸುತ್ತವೆ, ಜಿ.ಎಸ್.ಟಿ. ಸಹಿತ 4.13. ಒಂದು ಲಕ್ಷಕ್ಕೆ 4,130 ರೂಪಾಯಿ. ಅಲ್ಲಿ ಗಳಿಸಿದ ಪಾಯಿಂಟು ಇದನ್ನು ತುಂಬಿಕೊಡುವುದು ಕಷ್ಟ. ಈ ಶುಲ್ಕ ಕಡಿಮೆಯಿರುವ ಅಥವಾ ಇಲ್ಲದ ಕಾರ್ಡನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ಅಲ್ಲಿಯ ಅಂಗಡಿಯವರು "ರೂಪಾಯಿಯಲ್ಲಿಯೇ ಕೊಡುತ್ತೀರಾ?" ಎಂದು ಸ್ನೇಹದಿಂದ ಕೇಳಿದರೆ ಬೇಡವೆನ್ನಿ, ಆ ಸ್ನೇಹದ ವಿನಿಮಯ ದರ ಸಾಧಾರಣವಾಗಿ ನಿಮಗೆ ನಷ್ಟದ್ದು. ಕ್ರೆಡಿಟ್ ಕಾರ್ಡಿನಿಂದ ಎ.ಟಿ.ಎಂ.ನಲ್ಲಿ ನಗದು ತೆಗೆಯುವುದಂತೂ ಕೂಡದು. ಅದಕ್ಕೆ ಶುಲ್ಕವೂ ಉಂಟು, ತೆಗೆದ ದಿನದಿಂದ ಬಡ್ಡಿಯೂ ಉಂಟು.

ಕೂಡಿಟ್ಟ ಪಾಯಿಂಟಿಗೆ ಬಡ್ಡಿ ಬರುವುದಿಲ್ಲವೆಂಬುದನ್ನೂ ನೆನಪಿಡಬೇಕು; ಅದರ ಬೆಲೆ ಇಳಿಯಬಹುದೇ ಹೊರತು ಏರುವುದು ಅಪರೂಪ. ಇಷ್ಟು ದೂರಕ್ಕೆ ಇಷ್ಟು ಮೈಲಿ ಎಂಬ ಪಟ್ಟಿಯನ್ನು ಅಮೆರಿಕದ ಡೆಲ್ಟಾ ಸಂಸ್ಥೆ 2015ರಲ್ಲಿ ತೆಗೆದುಹಾಕಿತು. ಬೇಡಿಕೆ ನೋಡಿ ಮೈಲಿಯ ದರ ಏರಿಸುವ ದಾರಿ ಅಲ್ಲಿಂದ ಸಲೀಸಾಯಿತು. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ಸಂಸ್ಥೆ 2012ರಲ್ಲಿ ಹಾರಾಟ ನಿಲ್ಲಿಸಿತು. ವಿಮಾನವೇ ಇಲ್ಲದ ಮೇಲೆ ಅದರ ಮೈಲಿಯಿಂದ ಏನು ಕೊಳ್ಳುವುದು? ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ ನಿಂತಿತು. ವಿಸ್ತಾರಾ 2024ರ ನವೆಂಬರಿನಲ್ಲಿ ಏರ್ ಇಂಡಿಯಾದಲ್ಲಿ ಲೀನವಾಯಿತು. ಅದರ ಸದಸ್ಯರ ಪಾಯಿಂಟುಗಳು ಪುಣ್ಯವಶಾತ್ ಏರ್ ಇಂಡಿಯಾದ ಲೆಕ್ಕಕ್ಕೆ ಸಂದವು. ಪಾಯಿಂಟು ಬಂಗಾರದ ಹಾಗಲ್ಲ, ಬಾಳೆಹಣ್ಣಿನ ಹಾಗೆ. ಗೊನೆ ದೊಡ್ಡದಾಗಲೆಂದು ಕಾಯುವುದಕ್ಕಿಂತ ಹಣ್ಣಾದದ್ದನ್ನು ತಿನ್ನುತ್ತಾ ಬರುವುದು ಮೇಲು.

ಇಷ್ಟಾದ ಮೇಲೆ ಕಾಶಿಯ ಮಾತು. ತಾಯಿ, ಏಳು ವರ್ಷ ಕಾಯಬೇಡಿ. ಮಗನ ಬಾಕಿ ತೀರಿದ ಮೇಲೆ ಅವನು ತಿಂಗಳಿಗೆ 2,400 ರೂಪಾಯಿಯಂತೆ ಬೇರೆ ತೆಗೆದಿಟ್ಟರೆ ಹನ್ನೆರಡು ತಿಂಗಳಲ್ಲಿ 28,800 ಆಗುತ್ತದೆ. ಮುಂದಿನ ಚಳಿಗಾಲಕ್ಕೆ ನೀವು ಗಂಗೆಯ ದಡದಲ್ಲಿರಬಹುದು. ಈಗಾಗಲೇ ಕೂಡಿರುವ ಪಾಯಿಂಟು ಒಂದು ಟಿಕೆಟಿಗಾದರೂ ಸಾಲುವುದಾದರೆ ಬಳಸಿಬಿಡಲಿ. ತಾನು ಹೇಳಿದ ಮಾತು ಒಂದು ಪಾಲಾದರೂ ನಡೆಯಿತೆಂಬ ಸಮಾಧಾನ ಅವನಿಗಿರಲಿ. ವಿಮಾನವೇ ಆಗಬೇಕೆಂದಿಲ್ಲದಿದ್ದರೆ ಮೈಸೂರಿನಿಂದಲೇ ವಾರಾಣಸಿಗೆ ನೇರ ರೈಲಿದೆ. ಆದರೆ ಮೊಣಕಾಲು ನೋವಿನವರಿಗೆ ಅಷ್ಟು ದೂರದ ರೈಲು ಪ್ರಯಾಣ ಹಿತವೇ ಎಂಬುದನ್ನು ವೈದ್ಯರನ್ನು ಕೇಳಿ ನಿರ್ಧರಿಸಿ.

ಕಾರ್ಡು ಬೇಡವೆಂದು ಮಗನೇ ತೀರ್ಮಾನಿಸಿದರೆ, ಮುಚ್ಚುವ ಮೊದಲು ಪಾಯಿಂಟುಗಳನ್ನು ಬಳಸಿ ಮುಗಿಸಬೇಕು. ಆಮೇಲೆ ಕೇಳಿದರೆ ಸಿಕ್ಕುವ ಭರವಸೆಯಿಲ್ಲ. ಬಾಕಿಯನ್ನು ಪೂರ್ತಿ ತೀರಿಸಿ, ಮುಚ್ಚುವಂತೆ ಬರಹದಲ್ಲಿ ಕೋರಬೇಕು. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಬಾಕಿಯಿಲ್ಲದ ಕಾರ್ಡನ್ನು ಕೋರಿಕೆ ಬಂದ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ಗ್ರಾಹಕರಿಗೆ ದಂಡ ತೆರಬೇಕು. ಕೇಳದೆ ಮನೆಗೆ ಕಾರ್ಡು ಕಳುಹಿಸುವುದನ್ನೂ ಅದೇ ನಿರ್ದೇಶನ ನಿಷೇಧಿಸಿದೆ. ಕೋರಿಕೆ ಕಳುಹಿಸಿದ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿಯೇ ಗುರುತು ಹಾಕಿಡಿ.

ಹಿರಿಯ ನಾಗರಿಕರ ಠೇವಣಿಯ ಬಡ್ಡಿಗೆ ತೆರಿಗೆ ಕಡಿತವಾಗುವ ಬಗ್ಗೆ ದಾವಣಗೆರೆಯ ಓದುಗರೊಬ್ಬರು ಕೇಳಿರುವ ಪ್ರಶ್ನೆಗೆ ಮುಂದಿನ ವಾರ ಉತ್ತರಿಸಲಾಗುವುದು.